ತಾಂಜಾನಿಯಾದ ಬಂಧನಗಳು: ರಾಯಭಾರಿಗಳ 'ಕಳವಳ'ದಿಂದ ಒಳಗಿದ್ದವರಿಗೆ ಏನು ಸಿಗುತ್ತದೆ?

ಪ್ರಶ್ನೆ: ಶರಣ್ರಿ ಸರ್. ಕಲಬುರಗಿಯ ನೆಹರು ಗಂಜ್‌ನಲ್ಲಿ ನಮ್ಮದು ಅಡತಿ ಅಂಗಡಿ, ಜತೆಗೆ ಒಂದು ಸಣ್ಣ ದಾಲ್ ಮಿಲ್. ತಂಗಿಯ ಮಗ ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಬೇಳೆಕಾಳು ರಫ್ತು ಮಾಡುವ ಕಂಪನಿಯಲ್ಲಿ ಲೆಕ್ಕ ಬರೆಯುತ್ತಾನೆ. 2025ರ ಅಕ್ಟೋಬರ್ ಕೊನೆಗೆ ಅಲ್ಲಿ ಚುನಾವಣೆ ಗಲಾಟೆ ಆದಾಗ ಕೆಲವು ದಿನ ಅವನ ಫೋನೇ ಹತ್ತಲಿಲ್ಲ. ಆಮೇಲೆ ನೂರಾರು ಜನರನ್ನು ದೇಶದ್ರೋಹದ ಕೇಸಿನಲ್ಲಿ ಒಳಗೆ ಹಾಕಿದರು ಎಂದು ಓದಿದೆ. ಬೇರೆ ದೇಶಗಳ ರಾಯಭಾರಿಗಳು 'ಕಳವಳ' ಎಂದು ಹೇಳಿಕೆ ಕೊಟ್ಟರು. ಈ ಕಳವಳದಿಂದ ಒಳಗಿದ್ದವರಿಗೆ ನಯಾ ಪೈಸೆ ಲಾಭ ಇದೆಯೇ? ಇನ್ನೊಂದು ದೇಶದ ಪೊಲೀಸರು ಯಾರನ್ನು ಹಿಡಿಯಬೇಕು ಎಂದು ಹೇಳಲು ಇವರು ಯಾರು? ನಮ್ಮ ದೇಶ ಯಾಕೆ ಬಾಯಿ ಬಿಡುವುದಿಲ್ಲ? ನಾಳೆ ನಮ್ಮ ಹುಡುಗನನ್ನೇ ಹಿಡಿದರೆ ನಾವೇನು ಮಾಡಬೇಕು?

ಉತ್ತರ: ಶರಣು. ನಾಲ್ಕು ಪ್ರಶ್ನೆ ಕೇಳಿದ್ದೀರಿ. ಕೊನೆಯದಕ್ಕೆ ಕೊನೆಯಲ್ಲೇ ಬರುತ್ತೇನೆ. ಅವಸರ ಇದ್ದರೆ ಅದನ್ನೇ ಮೊದಲು ಓದಿಕೊಳ್ಳಿ.

ರಾಯಭಾರ ಕಚೇರಿಯ ಹೇಳಿಕೆ ಓದಿ ಯಾವ ಸರ್ಕಾರವೂ ಮರುದಿನ ಜೈಲಿನ ಬಾಗಿಲು ತೆಗೆಯುವುದಿಲ್ಲ. ಆದರೂ ಅದು ವ್ಯರ್ಥ ಅಲ್ಲ. ಗಲಾಟೆಯ ನಂತರದ ಮೊದಲ ಕೆಲವು ವಾರ ಯಾರನ್ನು ಹಿಡಿದಿದ್ದಾರೆ, ಎಲ್ಲಿ ಇಟ್ಟಿದ್ದಾರೆ, ಬದುಕಿದ್ದಾರಾ ಎಂಬ ಲೆಕ್ಕವೇ ಇರುವುದಿಲ್ಲ. ಆ ಲೆಕ್ಕ ಹೊರಗೆ ಬರುವಂತೆ ಮಾಡುವುದರಲ್ಲಿ ಹೊರಗಿನವರ ಮಾತಿಗೆ ಬೆಲೆ ಇದೆ. ಅದನ್ನು ಕೇಳದೆ ಸುಮ್ನೆ 'ಕಳವಳವಾಗಿದೆ, ಎಲ್ಲರೂ ಸಂಯಮದಿಂದಿರಿ' ಎಂದು ಮುಗಿಸಿದರೆ ನೀವು ಹೇಳಿದ್ದೇ ಸರಿ. ಪತ್ರಿಕೆಗೆ ಒಂದು ಸುದ್ದಿ ಆಯಿತು, ಅಷ್ಟೇ.

ತಾಂಜಾನಿಯಾವನ್ನೇ ನೋಡೋಣ. ಮುಖ್ಯ ವಿರೋಧ ಪಕ್ಷ ಚಾಡೆಮಾದ ನಾಯಕ ಟುಂಡು ಲಿಸು ಅವರನ್ನು 2025ರ ಏಪ್ರಿಲ್‌ನಲ್ಲೇ ದೇಶದ್ರೋಹದ ಆರೋಪದ ಮೇಲೆ ಹಿಡಿದಿದ್ದರು. ಪಕ್ಷವನ್ನೇ ಚುನಾವಣೆಯಿಂದ ಹೊರಗಿಟ್ಟರು. ಅಕ್ಟೋಬರ್ 29ರಂದು ಮತದಾನ. ಅವತ್ತೇ ಜನ ಬೀದಿಗಿಳಿದರು, ಗುಂಡು ಹಾರಿತು, ದಾರ್ ಎಸ್ ಸಲಾಮ್‌ನಲ್ಲಿ ಕರ್ಫ್ಯೂ ಹಾಕಿದರು, ಇಂಟರ್‌ನೆಟ್ ಕಡಿದರು. ನಿಮ್ಮ ಅಳಿಯನ ಫೋನ್ ಹತ್ತದಿದ್ದದ್ದು ಇದರಿಂದಲೇ. ಅಧ್ಯಕ್ಷೆ ಸಮಿಯಾ ಸುಲುಹು ಹಸನ್ ಅವರಿಗೆ ಶೇ 97ಕ್ಕಿಂತ ಜಾಸ್ತಿ ಮತ ಬಿದ್ದಿದೆ ಎಂದು ಘೋಷಿಸಿದರು. ನೂರಾರು ಜನ ಸತ್ತಿದ್ದಾರೆ ಎಂಬ ಮಾಹಿತಿ ಇದೆ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಹೇಳಿತು. ನವೆಂಬರ್ ಮೊದಲ ವಾರದಲ್ಲೇ ನೂರಾರು ಜನರ ಮೇಲೆ ದೇಶದ್ರೋಹದ ಕೇಸು ಬಿತ್ತು. ಅಲ್ಲಿ ಆ ಕೇಸಿಗೆ ಜಾಮೀನು ಇಲ್ಲ. ಶಿಕ್ಷೆ ಮರಣದಂಡನೆವರೆಗೂ ಹೋಗುತ್ತದೆ.

ಈಗ ಹೇಳಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅಕ್ಟೋಬರ್ 31ರಂದು ಬ್ರಿಟನ್, ಕೆನಡಾ, ನಾರ್ವೆ ಸೇರಿ ಒಂದು ಹೇಳಿಕೆ ಕೊಟ್ಟವು. ಸಾವುನೋವಿನ ಬಗ್ಗೆ ಕಳವಳ, ಸಂಯಮ ಇರಲಿ ಎಂಬ ಧಾಟಿ. ಡಿಸೆಂಬರ್ 5ರಂದು ಕೆನಡಾ ಮತ್ತು ಯುರೋಪಿನ ಹಲವು ದೇಶಗಳ ಕಚೇರಿಗಳು ಒಟ್ಟಾಗಿ ಇನ್ನೊಂದು ಕೊಟ್ಟವು. ಅದರಲ್ಲಿ ಕೇಳಿದ್ದು ಬಿಡಿಬಿಡಿಯಾಗಿತ್ತು. ಸತ್ತವರ ದೇಹಗಳನ್ನು ಮನೆಯವರಿಗೆ ಕೊಡಿ. ರಾಜಕೀಯ ಕೈದಿಗಳನ್ನು ಬಿಡಿ. ಒಳಗಿದ್ದವರಿಗೆ ವಕೀಲರನ್ನೂ ವೈದ್ಯರನ್ನೂ ನೋಡಲು ಬಿಡಿ. ಮೊದಲಿನದಕ್ಕೆ ಸರ್ಕಾರ 'ನಾವೂ ಸಂಯಮದಲ್ಲೇ ಇದ್ದೇವೆ' ಎಂದು ಉತ್ತರ ಕೊಟ್ಟು ಕೈ ತೊಳೆದುಕೊಳ್ಳಬಹುದು. ಎರಡನೆಯದಕ್ಕೆ ಆಗುವುದಿಲ್ಲ. ದೇಹ ಕೊಟ್ಟಿದ್ದೀರಾ ಇಲ್ಲವಾ? ವಕೀಲರನ್ನು ಬಿಟ್ಟಿದ್ದೀರಾ ಇಲ್ಲವಾ? ಹೌದು ಅಥವಾ ಇಲ್ಲ ಎಂದೇ ಹೇಳಬೇಕಾಗುತ್ತದೆ. ನಿಮ್ಮ ಗಂಜ್‌ನ ಮಾತಿನಲ್ಲಿ ಹೇಳುವುದಾದರೆ, ಯಾರ ಮಾಲು ಎಂದು ಬರೆದ ಲಾಟಿನ ಚೀಟಿ ಇಲ್ಲದ ಚೀಲ ಯಾರದೂ ಅಲ್ಲ. ಅದು ಕಳೆದರೂ ಕೇಳುವವರಿಲ್ಲ. ಬೀದಿಯಲ್ಲಿ ಹಿಡಿದ ಹುಡುಗನ ಸ್ಥಿತಿಯೂ ಅದೇ. ಹೇಳಿಕೆ ಮಾಡಬೇಕಾದ ಮೊದಲ ಕೆಲಸ ಆ ಚೀಟಿ ಬರೆಸುವುದು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ತಾಂಜಾನಿಯಾದಲ್ಲಿ ಬಿಡುಗಡೆ ಶುರುವಾದದ್ದು ಈ ಎರಡನೇ ಹೇಳಿಕೆಗೂ ಮೊದಲು. ನವೆಂಬರ್ 14ರಂದು ಸಂಸತ್ತಿನಲ್ಲಿ ಅಧ್ಯಕ್ಷೆಯೇ ತನಿಖಾ ಆಯೋಗ ಮಾಡುವುದಾಗಿ ಹೇಳಿದರು. ಗುಂಪಿನ ಹಿಂದೆ ಹೋಗಿ ಸಿಕ್ಕಿಬಿದ್ದ ಹುಡುಗರ ಮೇಲೆ ಮೆದುವಾಗಿರಿ ಎಂದು ಅಧಿಕಾರಿಗಳಿಗೆ ಸೂಚಿಸಿದರು. ಆಮೇಲೆ ಹಲವರ ಕೇಸು ಕೈಬಿಟ್ಟರು. ಹಾಗಾಗಿ 'ಯುರೋಪಿನವರ ಮಾತಿಗೆ ಬಿಟ್ಟರು' ಎನ್ನುವುದು ತಪ್ಪು. ನನ್ನ ಅಂದಾಜಿನಲ್ಲಿ ಹೆಚ್ಚು ಚುಚ್ಚಿದ್ದು ಅಕ್ಕಪಕ್ಕದವರ ಮಾತು. ದಕ್ಷಿಣ ಆಫ್ರಿಕಾ ಪ್ರದೇಶದ ದೇಶಗಳ ಒಕ್ಕೂಟ ಸಾಡ್ಕ್‌ನಲ್ಲಿ ತಾಂಜಾನಿಯಾವೂ ಇದೆ. ಆ ಒಕ್ಕೂಟದ ವೀಕ್ಷಕರು ನವೆಂಬರ್ 3ರಂದೇ, ಮತದಾರರಿಗೆ ತಮ್ಮ ಇಷ್ಟ ಹೇಳಲು ಆಗಲಿಲ್ಲ ಎಂದು ಬರೆದರು. ಆಫ್ರಿಕನ್ ಯೂನಿಯನ್ ವೀಕ್ಷಕರೂ ಚುನಾವಣೆ ನೆಟ್ಟಗಿರಲಿಲ್ಲ ಎಂದರು. ಲಂಡನ್‌ನವರು ಮಾತಾಡಿದರೆ 'ನೀವೇನು ಇನ್ನೂ ನಮ್ಮ ಒಡೆಯರಾ?' ಎಂದು ಕೇಳಬಹುದು. ಡಿಸೆಂಬರ್‌ನಲ್ಲಿ ಅಧ್ಯಕ್ಷೆ ಹೆಚ್ಚುಕಡಿಮೆ ಹಾಗೇ ಕೇಳಿದರು ಕೂಡ. ಪಕ್ಕದ ಮನೆಯವರಿಗೆ ಹಾಗೆ ಕೇಳಲು ಬರುವುದಿಲ್ಲ ಅಲ್ವಾ.

ಹೇಳಿಕೆ ನಮಗೆ ಕಾಣುವ ಭಾಗ. ನಿಜವಾದ ಕೆಲಸ ನಡೆಯುವುದು ಬೇರೆ ಕಡೆ, ಅದರಲ್ಲೂ ಕೋರ್ಟ್ ಹಾಲ್‌ನಲ್ಲಿ. ದೊಡ್ಡ ಕೇಸು ಇದ್ದ ದಿನ ಹಿಂದಿನ ಬೆಂಚಿನ ಮೇಲೆ ಯಾವುದೋ ರಾಯಭಾರ ಕಚೇರಿಯ ಕಿರಿಯ ಅಧಿಕಾರಿ ಕೂತಿರುತ್ತಾರೆ. ಜತೆಗೆ ಅಲ್ಲಿನ ಭಾಷೆ ಬರುವ ಒಬ್ಬ ಸಿಬ್ಬಂದಿ. ಇವರು ಮಾತಾಡುವಂತಿಲ್ಲ, ಎದ್ದು ನಿಲ್ಲುವಂತಿಲ್ಲ. ಬರೆದುಕೊಳ್ಳುತ್ತಾರೆ. ಆರೋಪಿಯನ್ನು ಹಿಡಿದದ್ದು ಯಾವಾಗ, ಕೋರ್ಟಿಗೆ ತಂದದ್ದು ಯಾವಾಗ. ಕುಂಟುತ್ತಿದ್ದಾರಾ, ಮುಖ ಊದಿದೆಯಾ. ವಕೀಲರು ಎದ್ದು 'ಕಕ್ಷಿದಾರರ ಜತೆ ಮಾತಾಡಲು ಬಿಟ್ಟಿಲ್ಲ ಸ್ವಾಮಿ' ಎಂದರೆ ನ್ಯಾಯಾಧೀಶರು ಏನು ಹೇಳಿದರು. ಆರೋಪಗಳ ಪ್ರತಿ ಕೊಟ್ಟರಾ. ಮುಂದಿನ ತಾರೀಖು ಯಾವುದು. ಇಷ್ಟೇ. ಸಾಯಂಕಾಲ ಇದು ಅವರ ರಾಜಧಾನಿಗೆ ಹೋಗುತ್ತದೆ. ನೆರವು ಕೊಡಬೇಕಾ, ಸಾಲಕ್ಕೆ ಹೂಂ ಎನ್ನಬೇಕಾ, ಆ ದೇಶದ ಮಂತ್ರಿಗೆ ವೀಸಾ ಕೊಡಬೇಕಾ ಎಂದು ಕೂತಾಗ ಆ ಕಡತ ಮೇಜಿನ ಮೇಲಿರುತ್ತದೆ. ಇದು ಪ್ರಾಸಿಕ್ಯೂಟರ್‌ಗೂ ಗೊತ್ತು, ನ್ಯಾಯಾಧೀಶರಿಗೂ ಗೊತ್ತು. ಅದಕ್ಕೇ ಹಿಂದಿನ ಬೆಂಚು ಖಾಲಿ ಇದ್ದ ದಿನಕ್ಕೂ ತುಂಬಿದ ದಿನಕ್ಕೂ ವಿಚಾರಣೆಯ ರೀತಿಯಲ್ಲಿ ಫರಕು ಇರುತ್ತದೆ.

ಕೆಲವೊಮ್ಮೆ ಇದು ಬೆಂಚಿನಿಂದಲೂ ಮುಂದೆ ಹೋಗುತ್ತದೆ. ಇದೇ ಲಿಸು 2020ರ ಚುನಾವಣೆಯಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತು ಸೋತಿದ್ದರು. 2017ರಲ್ಲಿ ಅವರ ಮೇಲೆ ಗುಂಡಿನ ದಾಳಿ ಆಗಿ ಹೇಗೋ ಬದುಕಿದ್ದರು. 2020ರಲ್ಲಿ ಮತ್ತೆ ಜೀವಭಯ ಬಂದಾಗ ದಾರ್ ಎಸ್ ಸಲಾಮ್‌ನ ಜರ್ಮನ್ ರಾಯಭಾರಿಯ ಮನೆಯಲ್ಲಿ ಆಶ್ರಯ ಪಡೆದರು. ರಾಜತಾಂತ್ರಿಕರು ಜತೆಗಿದ್ದೇ ಅವರನ್ನು ವಿಮಾನ ಹತ್ತಿಸಿ ಬೆಲ್ಜಿಯಂಗೆ ಕಳಿಸಿದರು. ಹೆಸರಿದ್ದ ನಾಯಕನಿಗೆ ಇಂಥ ಬಾಗಿಲು ತೆರೆಯುತ್ತದೆ. ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹುಡುಗನಿಗೆ ತೆರೆಯುವುದಿಲ್ಲ. ಆದ್ದರಿಂದಲೇ ಅವನ ಹೆಸರು ಪಟ್ಟಿಯಲ್ಲಿ ಬರಬೇಕು ಎಂದು ನಾನು ಇಷ್ಟು ಹೇಳುತ್ತಿರುವುದು.

ಇಥಿಯೋಪಿಯಾದ ಕಥೆ ಇದಕ್ಕಿಂತ ಹಳೆಯದು. ಕೊನೆಯವರೆಗೂ ನೋಡಲು ಸಿಗುವುದರಿಂದ ಹೆಚ್ಚು ಕಲಿಸುತ್ತದೆ. 2005ರ ಮೇ ತಿಂಗಳಲ್ಲಿ ಅಲ್ಲಿ ಚುನಾವಣೆ. ರಾಜಧಾನಿ ಅಡಿಸ್ ಅಬಾಬಾದ 23 ಸ್ಥಾನಗಳನ್ನೂ ವಿರೋಧ ಪಕ್ಷವೇ ಬಾಚಿಕೊಂಡಿತು. ಉಳಿದ ಕಡೆ ಎಣಿಕೆಯಲ್ಲಿ ಮೋಸ ಆಗಿದೆ ಎಂದು ಜೂನ್‌ನಲ್ಲಿ, ಮತ್ತೆ ನವೆಂಬರ್‌ನಲ್ಲಿ ಜನ ಬೀದಿಗೆ ಬಂದರು. ಪೊಲೀಸರು ಗುಂಡು ಹಾರಿಸಿದರು. ಸಂಸತ್ತೇ ನೇಮಿಸಿದ ವಿಚಾರಣಾ ಆಯೋಗ 193 ನಾಗರಿಕರು, 6 ಪೊಲೀಸರು ಸತ್ತರು ಎಂದು ಲೆಕ್ಕ ಹಾಕಿತು. ಆ ಆಯೋಗದ ಉಪಾಧ್ಯಕ್ಷರೇ ದೇಶ ಬಿಟ್ಟು ಹೋಗಿ ಈ ಲೆಕ್ಕವನ್ನು ಹೊರಗೆ ಹೇಳಬೇಕಾಯಿತು.

ಬಂಧನ ಎರಡು ಬಗೆಯಲ್ಲಿ ನಡೆಯಿತು. ಸಾವಿರಾರು ಯುವಕರನ್ನು ಮನೆಯಿಂದ, ಬೀದಿಯಿಂದ ಲಾರಿಗಳಲ್ಲಿ ತುಂಬಿ ಶಿಬಿರಗಳಿಗೆ ಸಾಗಿಸಿದರು. ರಾಜಧಾನಿಯಿಂದ ಬಹುದೂರದ ದೆಡೆಸಾ ಎಂಬ ಸೇನಾ ಶಿಬಿರ ಅದರಲ್ಲಿ ಒಂದು. ಇನ್ನೊಂದು ಕಡೆ ವಿರೋಧ ಪಕ್ಷದ ನಾಯಕರು, ಪತ್ರಕರ್ತರ ಮೇಲೆ ದೇಶದ್ರೋಹ, ನರಮೇಧಕ್ಕೆ ಯತ್ನ ಎಂದೆಲ್ಲ ಆರೋಪ ಹೊರಿಸಿದರು. ಅಮೆರಿಕ, ಯುರೋಪಿಯನ್ ಯೂನಿಯನ್ ಕಳವಳ ಎಂದವು. ಅಷ್ಟಕ್ಕೇ ನಿಲ್ಲಲಿಲ್ಲ. ಸರ್ಕಾರದ ಬೊಕ್ಕಸಕ್ಕೆ ನೇರವಾಗಿ ಹೋಗುತ್ತಿದ್ದ ನೆರವನ್ನು ದಾನಿ ದೇಶಗಳು ತಡೆದವು. ಶಾಲೆ, ಆಸ್ಪತ್ರೆ, ನೀರಿಗೆ ಮಾತ್ರ ಹೋಗುವಂತೆ 2006ರಲ್ಲಿ ಬೇರೆ ದಾರಿ ಮಾಡಿದವು. ಕೋರ್ಟಿನಲ್ಲಿ ಯುರೋಪಿನ ಕಡೆಯಿಂದ ವೀಕ್ಷಕರು ಕೂತರು.

ಆದದ್ದೇನು? ಶಿಬಿರದ ಹುಡುಗರಲ್ಲಿ ಹೆಚ್ಚಿನವರು ವಾರಗಳಲ್ಲಿ ಹೊರಗೆ ಬಂದರು. ನಾಯಕರು 2007ರ ಜುಲೈವರೆಗೆ ಒಳಗೇ ಇದ್ದರು. ಜೀವಾವಧಿ ಶಿಕ್ಷೆ ಆದ ಕೆಲವೇ ದಿನಕ್ಕೆ 38 ಜನರಿಗೆ ಕ್ಷಮಾದಾನ ಸಿಕ್ಕಿತು. ಅದನ್ನು ಮಾಡಿಸಿದ್ದು ಯಾವ ರಾಯಭಾರಿಯೂ ಅಲ್ಲ. ಪ್ರೊಫೆಸರ್ ಎಫ್ರೇಮ್ ಐಸಾಕ್ ಅವರ ಮುಂದಾಳತ್ವದಲ್ಲಿ ಇಥಿಯೋಪಿಯಾದ ಹಿರಿಯರೇ ಜೈಲಿಗೂ ಪ್ರಧಾನಿ ಕಚೇರಿಗೂ ಓಡಾಡಿ ರಾಜಿ ಮಾಡಿಸಿದರು. ನಮ್ಮ ಊರುಗಳಲ್ಲಿ ದೈವದವರು (ಪಂಚರು) ಕೂತು ಬಗೆಹರಿಸಿದ ಹಾಗೆ, ಎರಡೂ ಕಡೆಯವರ ಮುಖ ಉಳಿಯುವಂತೆ. ನಾಯಕರು ತಪ್ಪೊಪ್ಪಿಗೆಯ ಪತ್ರಕ್ಕೆ ಸಹಿ ಹಾಕಬೇಕಾಯಿತು. ಅವರಲ್ಲಿ ಒಬ್ಬರು ಬಿರ್ಟುಕಾನ್ ಮಿಡೆಕ್ಸಾ, ಹಿಂದೆ ನ್ಯಾಯಾಧೀಶೆ ಆಗಿದ್ದವರು. ಆ ಕ್ಷಮಾದಾನದ ಬಗ್ಗೆ ಹೊರಗೆ ಏನೋ ಮಾತಾಡಿದರು ಎಂದು 2008ರ ಕೊನೆಗೆ ಮತ್ತೆ ಹಿಡಿದರು, 2010ರವರೆಗೆ ಬಿಡಲಿಲ್ಲ. ಅದೇ ದೇಶ 2018ರಲ್ಲಿ ಅವರನ್ನು ಕರೆದು ಚುನಾವಣಾ ಮಂಡಳಿಯ ಮುಖ್ಯಸ್ಥೆಯ ಕುರ್ಚಿಯಲ್ಲಿ ಕೂರಿಸಿತು. ರಾಜಕೀಯದಲ್ಲಿ ಏನೆಲ್ಲ ನೋಡಬೇಕೋ!

ಕಳವಳ ವ್ಯಾಪಾರವೂ ಆಗುತ್ತದೆ ಎನ್ನುವುದಕ್ಕೆ ಬೆಲಾರೂಸ್ ನೋಡಿ. 2020ರ ಆಗಸ್ಟ್ ಚುನಾವಣೆಯ ನಂತರ ಅಲ್ಲಿ ಮೊದಲ ಕೆಲವು ದಿನಗಳಲ್ಲೇ ಸಾವಿರಾರು ಜನರನ್ನು ಹಿಡಿದರು. ಯುರೋಪ್, ಅಮೆರಿಕ ಹೇಳಿಕೆಯಿಂದ ನಿರ್ಬಂಧಕ್ಕೆ ಹೋದವು. ಅಲ್ಲಿನ ದೊಡ್ಡ ಸರಕು ಪೊಟ್ಯಾಷ್ ಗೊಬ್ಬರ. ಅದಕ್ಕೇ ಕೈ ಹಾಕಿದರು. ನಾವು ಬಳಸುವ ಪೊಟ್ಯಾಷ್ ಹೆಚ್ಚುಕಡಿಮೆ ಪೂರ್ತಿ ಹೊರಗಿನದು, ಬೆಲಾರೂಸ್‌ನಿಂದಲೂ ಬರುತ್ತಿತ್ತು. ಬೀದರ್‌ನ ಕಬ್ಬಿನ ರೈತರನ್ನು ಕೇಳಿ, 2022ರಲ್ಲಿ ಪೊಟ್ಯಾಷ್ ಚೀಲಕ್ಕೆ ಎಷ್ಟಾಗಿತ್ತು ಎಂದು ಹೇಳುತ್ತಾರೆ. ರಷ್ಯಾ-ಉಕ್ರೇನ್ ಯುದ್ಧದ ಪಾಲೂ ಅದರಲ್ಲಿತ್ತು, ಇದರ ಪಾಲೂ ಇತ್ತು. 2025ರ ಡಿಸೆಂಬರ್‌ನಲ್ಲಿ ಅಮೆರಿಕ ಪೊಟ್ಯಾಷ್ ಮೇಲಿನ ತಡೆ ತೆಗೆಯಲು ಒಪ್ಪಿತು. ಬೆಲಾರೂಸ್ 123 ಕೈದಿಗಳನ್ನು ಬಿಟ್ಟಿತು. ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಅಲೆಸ್ ಬಿಯಾಲಿಯಾಟ್‌ಸ್ಕಿ ಅವರಲ್ಲಿ ಒಬ್ಬರು. ಹೊರಗೆ ಬಂದವರಿಗೆ ಒಳ್ಳೆಯದೇ ಆಯಿತು. ಆದರೆ ಮನುಷ್ಯರನ್ನು ಹಿಡಿದಿಟ್ಟರೆ ಮುಂದೆ ಏನಾದರೂ ಗಿಟ್ಟುತ್ತದೆ ಎಂಬ ಪಾಠವನ್ನೂ ಅದು ಕಲಿಸಿಬಿಡುತ್ತದೆ. ಈ ಸೌದಾ ನನಗೆ ಪೂರ್ತಿ ಸರಿಬರುವುದಿಲ್ಲ.

ನಿಮ್ಮ ಎರಡನೇ ಪ್ರಶ್ನೆ: ಇವರು ಯಾರು ಹೇಳಲು? ಕಾನೂನಿನ ಮಾತು ಮೊದಲು. ರಾಯಭಾರಿಗಳು ಹೇಗಿರಬೇಕು ಎಂದು ಹೇಳುವ 1961ರ ವಿಯೆನ್ನಾ ಒಪ್ಪಂದದ 41ನೇ ವಿಧಿ, ಇರುವ ದೇಶದ ಒಳಗಿನ ವ್ಯವಹಾರದಲ್ಲಿ ಕೈ ಹಾಕಬಾರದು ಎನ್ನುತ್ತದೆ. 9ನೇ ವಿಧಿ, ಇಷ್ಟವಾಗದ ರಾಯಭಾರಿಯನ್ನು ಕಾರಣ ಕೊಡದೆಯೂ ಮನೆಗೆ ಕಳಿಸಬಹುದು ಎನ್ನುತ್ತದೆ. ಅದೇ ಹೊತ್ತಿಗೆ 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದಕ್ಕೆ ಹೆಚ್ಚಿನ ದೇಶಗಳು ಸೇರಿವೆ. ತಾಂಜಾನಿಯಾ ಇದೆ, ಇಥಿಯೋಪಿಯಾ ಇದೆ, ನಾವೂ 1979ರಲ್ಲಿ ಸೇರಿದೆವು. ಮನಬಂದಂತೆ ಹಿಡಿಯುವಂತಿಲ್ಲ, ಹಿಡಿದರೆ ಬೇಗ ನ್ಯಾಯಾಧೀಶರ ಮುಂದೆ ತರಬೇಕು ಎಂದು ಅದರ 9ನೇ ವಿಧಿ ಹೇಳುತ್ತದೆ. ಒಪ್ಪಂದಕ್ಕೆ ಸೇರಿದ ಮೇಲೆ 'ಇದು ನಮ್ಮ ಮನೆ ವಿಷಯ' ಎನ್ನುವುದು ಪೂರ್ತಿ ನಡೆಯುವುದಿಲ್ಲ. ಹಾಗಾದರೆ ಗೆರೆ ಎಲ್ಲಿ? 'ವಿಚಾರಣೆ ಸರಿಯಾಗಿ ಮಾಡಿ, ವಕೀಲರನ್ನು ಬಿಡಿ' ಎನ್ನುವುದು ಗೆರೆಯ ಈಚೆ. 'ಇಂಥವರೇ ಗೆದ್ದಿದ್ದಾರೆ, ಅವರಿಗೆ ಅಧಿಕಾರ ಕೊಡಿ' ಎಂದು ರಾಯಭಾರಿ ಬೀದಿಯಲ್ಲಿ ನಿಂತು ಹೇಳಿದರೆ ಗೆರೆಯ ಆಚೆ. ನಡುವೆ ಒಂದಿಷ್ಟು ಮಬ್ಬು ಜಾಗ ಇದೆ, ಜಗಳ ಆಗುವುದು ಅಲ್ಲೇ.

ಟರ್ಕಿಯಲ್ಲಿ ಹಾಗೇ ಆಯಿತು. ಸಮಾಜ ಸೇವಕ ಉಸ್ಮಾನ್ ಕವಾಲಾ ಅವರನ್ನು 2017ರಲ್ಲಿ ಹಿಡಿದಿದ್ದರು. 2013ರ ಪ್ರತಿಭಟನೆಗೂ 2016ರ ಸೇನಾದಂಗೆಗೂ ಗಂಟು ಹಾಕಿದ ಕೇಸು. 2021ರ ಅಕ್ಟೋಬರ್ 18ಕ್ಕೆ ಹತ್ತು ದೇಶಗಳ ರಾಯಭಾರಿಗಳು ಒಟ್ಟಿಗೆ ಅವರನ್ನು ಬಿಡಿ ಎಂದರು. ಅಧ್ಯಕ್ಷ ಎರ್ಡೋಗನ್ ಸಿಟ್ಟಿಗೆದ್ದು ಹತ್ತೂ ಜನರನ್ನು ಓಡಿಸುತ್ತೇನೆ ಎಂದರು. ವಾರದೊಳಗೆ 'ನಾವು 41ನೇ ವಿಧಿಯನ್ನು ಪಾಲಿಸುತ್ತೇವೆ' ಎಂದು ರಾಯಭಾರ ಕಚೇರಿಗಳು ಒಂದು ಸಾಲು ಹಾಕಿದವು, ಎರ್ಡೋಗನ್ ಗೆದ್ದೆ ಎಂದು ಸುಮ್ಮನಾದರು. ಕವಾಲಾ ಅವರಿಗೆ 2022ರಲ್ಲಿ ಜೀವಾವಧಿ ಶಿಕ್ಷೆ ಆಯಿತು. ಹತ್ತು ಜನ ಸೇರಿ ದೊಡ್ಡ ದನಿ ಎತ್ತಿದ್ದೇ ಹಟಕ್ಕೆ ಕಾರಣವಾಯಿತು ಎಂದು ನನಗನಿಸುತ್ತದೆ. ಬಹಿರಂಗವಾಗಿ ಬಗ್ಗಿದೆ ಎನಿಸಿಕೊಳ್ಳಲು ಯಾವ ಆಳುವವನೂ ಒಪ್ಪುವುದಿಲ್ಲ.

ಈಗ ನಮ್ಮ ಮನೆಯ ವಿಷಯ. 'ಕಳವಳ' ದೂರದ ದೇಶಗಳ ಆಟ ಎಂದುಕೊಳ್ಳಬೇಡಿ. ಕಲಬುರಗಿ, ಬೀದರ್, ಯಾದಗಿರಿಯ ಈ ನೆಲವೇ ಒಮ್ಮೆ ಇಂಥ ಕಳವಳದ ವಿಷಯ ಆಗಿತ್ತು. ಅದೂ ಎರಡು ಕಡೆಯಿಂದ. ಆಗ ಈ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1947ರ ಆಗಸ್ಟ್ 15ರಂದು ಇಡೀ ದೇಶ ಬಾವುಟ ಹಾರಿಸುತ್ತಿದ್ದರೆ, ನಿಜಾಮರ ಸರ್ಕಾರ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್‌ನ ಸ್ವಾಮಿ ರಾಮಾನಂದ ತೀರ್ಥರನ್ನು ಬಂಧಿಸಿತು. ನಡುವೆ ಒಮ್ಮೆ ಬಿಟ್ಟು ಮತ್ತೆ ಹಿಡಿದರು. ಸತ್ಯಾಗ್ರಹಿಗಳಿಂದ ಜೈಲುಗಳು ತುಂಬಿದವು. ಹೊರಗೆ ನಿಜಾಮರ ಪರ ನಿಂತ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿ. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಹತ್ಯೆಗಳನ್ನು ಆ ಭಾಗದ ಮನೆಗಳಲ್ಲಿ ಇವತ್ತಿಗೂ ಹೇಳುತ್ತಾರೆ. ಆಗ ದೆಹಲಿಗೂ ಹೈದರಾಬಾದ್‌ಗೂ ನಡುವೆ ಇದ್ದದ್ದು 1947ರ ನವೆಂಬರ್‌ನ ಯಥಾಸ್ಥಿತಿ ಒಪ್ಪಂದ. ಭಾರತ ಸರ್ಕಾರದ ಏಜೆಂಟ್ ಜನರಲ್ ಆಗಿ ಕೆ.ಎಂ. ಮುನ್ಷಿ ಹೈದರಾಬಾದ್‌ನಲ್ಲಿ ಕೂತಿದ್ದರು. ಒಂದು ರೀತಿಯಲ್ಲಿ ರಾಯಭಾರಿಯ ಕೆಲಸವೇ. ರಾಜಕೀಯ ಕೈದಿಗಳನ್ನು ಬಿಡಿ, ರಜಾಕಾರರನ್ನು ಹತೋಟಿಗೆ ತನ್ನಿ ಎಂದು ದೆಹಲಿ ಮೇಲಿಂದ ಮೇಲೆ ಕೇಳಿತು. ನಿಜಾಮರ ಕಡೆಯವರ ಉತ್ತರ ಏನು? ಇದು ನಮ್ಮ ರಾಜ್ಯದ ಒಳಗಿನ ಶಾಂತಿ ಸುವ್ಯವಸ್ಥೆಯ ವಿಷಯ ಎಂದು. ಆಗಸ್ಟ್‌ನಲ್ಲಿ ಅವರೇ ಭಾರತದ ವಿರುದ್ಧ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಒಯ್ದರು.

ಮಂಡಳಿ ಪ್ಯಾರಿಸ್‌ನಲ್ಲಿ ಆ ದೂರು ಕೈಗೆತ್ತಿಕೊಂಡದ್ದು ಸೆಪ್ಟೆಂಬರ್ 16ಕ್ಕೆ. ಅಷ್ಟರಲ್ಲಿ ನಮ್ಮ ಸೇನೆ ಒಳಗೆ ಬಂದು ಮೂರು ದಿನ ಆಗಿತ್ತು. ಮರುದಿನ ನಿಜಾಮರು ಶರಣಾದರು. ನಾವು ಕಲ್ಯಾಣ ಕರ್ನಾಟಕ ಉತ್ಸವ ಮಾಡುವ ಸೆಪ್ಟೆಂಬರ್ 17 ಅದೇ. ಆಮೇಲಿನ ವಾರಗಳ ಮಾತನ್ನು ಉತ್ಸವದ ಭಾಷಣಗಳಲ್ಲಿ ಕಡಿಮೆ ಕೇಳುತ್ತೇವೆ. ರಜಾಕಾರರು ಎಂದು, ಕಮ್ಯುನಿಸ್ಟರು ಎಂದು ಸಾವಿರಾರು ಜನರನ್ನು ಹಿಡಿದರು. ಹಳ್ಳಿಗಳಲ್ಲಿ ಮುಸ್ಲಿಮರ ಮೇಲೆ ದೊಡ್ಡ ಪ್ರಮಾಣದ ಸೇಡಿನ ಹಿಂಸೆ ನಡೆಯಿತು. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ನೇತೃತ್ವದ ತಂಡ 27,000ದಿಂದ 40,000 ಜನ ಸತ್ತಿರಬಹುದು ಎಂದು ಅಂದಾಜು ಮಾಡಿತು. ಅತಿ ಕೆಟ್ಟದಾಗಿ ಆದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ನಾಂದೇಡ್ ಜತೆ ಗುಲಬರ್ಗಾ, ಬೀದರ್ ಹೆಸರನ್ನೂ ಬರೆಯಿತು. ಆ ವರದಿಯನ್ನು ದಶಕಗಳ ಕಾಲ ಹೊರಗೆ ಬಿಡಲೇ ಇಲ್ಲ. ಪಾಕಿಸ್ತಾನ ವಿಶ್ವಸಂಸ್ಥೆಯಲ್ಲಿ ವಿಷಯ ಎತ್ತಿದಾಗ ನಮ್ಮ ಉತ್ತರ, ಹೈದರಾಬಾದ್ ನಮ್ಮ ಒಳಗಿನ ವಿಷಯ ಎಂದು. ಬೇಸಿಗೆಯಲ್ಲಿ ಕಳವಳ ಹೇಳುತ್ತಿದ್ದವರು ಚಳಿಗಾಲಕ್ಕೆ ಕಳವಳ ಕೇಳಿಸಿಕೊಳ್ಳುವವರಾದರು. ಪಾಕಿಸ್ತಾನಕ್ಕೆ ತನ್ನದೇ ಲೆಕ್ಕಾಚಾರ ಇತ್ತು, ನಿಜ. ಆದರೆ ಕೇಳಿದವರ ಉದ್ದೇಶ ಸರಿಯಿಲ್ಲ ಎಂದ ಮಾತ್ರಕ್ಕೆ, ಕೇಳಿದ ಪ್ರಶ್ನೆ ಸುಳ್ಳಾಗುವುದಿಲ್ಲ. ಹಳ್ಳಿಯಲ್ಲಿ ಕಾಣೆಯಾದವನ ಹೆಂಡತಿಗೆ ಪ್ರಶ್ನೆ ಯಾರು ಕೇಳಿದರು ಎನ್ನುವುದಕ್ಕಿಂತ ಗಂಡ ಎಲ್ಲಿ ಎನ್ನುವುದು ಬೇಕಾಗಿರುತ್ತದೆ.

ಭಾರತ ಯಾಕೆ ಸುಮ್ಮನಿರುತ್ತದೆ ಎಂಬುದಕ್ಕೆ ಅರ್ಧ ಉತ್ತರ ಇದರಲ್ಲೇ ಬಂತು. ನಮಗೆ ಯಾರೂ ಹೇಳುವುದು ಬೇಡ, ಅದಕ್ಕೆ ನಾವೂ ಬೇರೆಯವರಿಗೆ ಹೇಳುವುದು ಕಡಿಮೆ. 2024ರ ಮಾರ್ಚ್‌ನಲ್ಲಿ ಕೇಜ್ರಿವಾಲ್ ಬಂಧನದ ಬಗ್ಗೆ ಜರ್ಮನಿ, ಅಮೆರಿಕ ಮಾತಾಡಿದಾಗ ಎರಡೂ ದೇಶಗಳ ಹಿರಿಯ ಅಧಿಕಾರಿಗಳನ್ನು ಕರೆಸಿ ಬಿಸಿ ಮುಟ್ಟಿಸಿದರು. ಅದೇ ವರ್ಷ ನವೆಂಬರ್‌ನಲ್ಲಿ ಬಾಂಗ್ಲಾದೇಶ ಹಿಂದೂ ಸನ್ಯಾಸಿ ಚಿನ್ಮಯ್ ಕೃಷ್ಣ ದಾಸ್ ಅವರನ್ನು ಹಿಡಿದಾಗ ನಾವೇ ತೀವ್ರ ಕಳವಳ ಎಂದೆವು. ಢಾಕಾ ಅವತ್ತೇ, ಇದು ನಮ್ಮ ಒಳಗಿನ ವಿಷಯ ಎಂದು ತಿರುಗಿಸಿ ಹೇಳಿತು. ದಾಸ್ ಅವರಿಗೆ 2025ರ ಏಪ್ರಿಲ್‌ನಲ್ಲಿ ಅಲ್ಲಿನ ಹೈಕೋರ್ಟ್ ಜಾಮೀನು ಕೊಟ್ಟಿತು, ಆದರೂ ಬೇರೆ ಕೇಸುಗಳಲ್ಲಿ ಒಳಗೇ ಇಟ್ಟರು. ಮ್ಯಾನ್ಮಾರ್‌ನಲ್ಲಿ 2021ರ ಫೆಬ್ರುವರಿ 1ರಂದು ಸೇನೆ ಅಲ್ಲಿನ ನಾಯಕಿ ಆಂಗ್ ಸಾನ್ ಸೂಕಿ ಅವರನ್ನು ಹಿಡಿದಾಗಲೂ ನಾವು ಕಳವಳ ಎಂದೆವು. 2022ರ ಡಿಸೆಂಬರ್‌ನಲ್ಲಿ ಆ ಕೈದಿಗಳನ್ನು ಬಿಡಿ ಎಂದು ಭದ್ರತಾ ಮಂಡಳಿಯಲ್ಲಿ ನಿರ್ಣಯ ಬಂದಾಗ ಮಾತ್ರ ಚೀನಾ, ರಷ್ಯಾ ಜತೆ ಮತ ಹಾಕದೆ ಕೂತೆವು. ಆ ತಿಂಗಳು ಮಂಡಳಿಯ ಅಧ್ಯಕ್ಷತೆಯೂ ನಮ್ಮದೇ ಆಗಿತ್ತು.

ಉಳಿದರ್ಧ ನಿಮ್ಮ ಗಂಜ್‌ನಲ್ಲೇ ಇದೆ. ಕಲಬುರಗಿ ತೊಗರಿಯ ಕಣಜ, ನಮ್ಮ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಬಂತು. ಆದರೆ ದೇಶಕ್ಕೆ ನಾವು ಬೆಳೆದದ್ದು ಸಾಲುವುದಿಲ್ಲ. ಹೊರಗಿನ ತೊಗರಿ ಬರುವುದು ಮೊಜಾಂಬಿಕ್, ಮ್ಯಾನ್ಮಾರ್, ತಾಂಜಾನಿಯಾ, ಮಲಾವಿಗಳಿಂದ. ಮೊಜಾಂಬಿಕ್ ಜತೆ 2025-26ರವರೆಗೆ ವರ್ಷಕ್ಕೆ 2 ಲಕ್ಷ ಟನ್‌ವರೆಗೆ ತರಿಸುವ ಸರ್ಕಾರಿ ಒಪ್ಪಂದವೇ ಆಗಿತ್ತು. 2024ರ ಅಕ್ಟೋಬರ್ ಚುನಾವಣೆಯ ನಂತರ ಅಲ್ಲೂ ಇದೇ ಕಥೆ. ಗುಂಡು, ಸಾವಿರಾರು ಬಂಧನ, ಕಳವಳದ ಹೇಳಿಕೆಗಳು. ಬೇಳೆ ದರ ಏರಿದರೆ ಸಂಸತ್ತಿನಲ್ಲಿ ಗಲಾಟೆ ಆಗುತ್ತದೆ, ಮೊಜಾಂಬಿಕ್‌ನ ರಾಜಧಾನಿ ಮಾಪುಟೊದಲ್ಲಿ ಯಾರೋ ಒಳಗಿದ್ದರೆ ಆಗುವುದಿಲ್ಲ. ದೆಹಲಿ ಈ ಲೆಕ್ಕ ಹಾಕುವುದರಲ್ಲಿ ಆಶ್ಚರ್ಯ ಇಲ್ಲ. ಆದರೆ ತೊಗರಿ ಕೊಳ್ಳುವ ದೊಡ್ಡ ಗಿರಾಕಿಯ ಮಾತಿಗೆ ಅಲ್ಲಿ ಯುರೋಪಿನವರ ಮಾತಿಗಿಂತ ಹೆಚ್ಚು ತೂಕ ಇದೆ. ಒಳಗೊಳಗೇ, ಸದ್ದಿಲ್ಲದೆ, 'ಪಟ್ಟಿ ಕೊಡಿ, ವಕೀಲರನ್ನು ಬಿಡಿ' ಎಂದಷ್ಟು ಕೇಳಲು ನಮಗೇನೂ ಅಡ್ಡಿಯಿಲ್ಲ.

ಇನ್ನು ನಿಮ್ಮ ಅಳಿಯ. ಅವನ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೆ ದಾರಿ ಬೇರೆ, ಗಟ್ಟಿ. 1963ರ ವಿಯೆನ್ನಾ ಕಾನ್ಸುಲರ್ ಒಪ್ಪಂದದ 36ನೇ ವಿಧಿಯಂತೆ, ವಿದೇಶಿಯನ್ನು ಹಿಡಿದರೆ 'ನಿಮ್ಮ ದೇಶದ ಕಚೇರಿಗೆ ತಿಳಿಸಬೇಕಾ' ಎಂದು ತಡಮಾಡದೆ ಕೇಳಬೇಕು. ಅವನು ಹೌದು ಎಂದರೆ ತಿಳಿಸಲೇಬೇಕು. ನಮ್ಮ ಅಧಿಕಾರಿ ಹೋಗಿ ನೋಡಬಹುದು, ಮಾತಾಡಬಹುದು, ವಕೀಲರನ್ನು ಗೊತ್ತುಮಾಡಬಹುದು. ಪಾಕಿಸ್ತಾನ ಹಿಡಿದಿಟ್ಟ ಭಾರತೀಯ ಕುಲಭೂಷಣ್ ಜಾಧವ್ ಕೇಸಿನಲ್ಲಿ 2019ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಪಾಕಿಸ್ತಾನದ ವಿರುದ್ಧ ಹೇಳಿದ್ದು ಇದೇ ವಿಧಿಯ ಮೇಲೆ. ಆದ್ದರಿಂದ ಅವನಿಗೆ ಒಂದು ವಾಕ್ಯ ಬಾಯಿಪಾಠ ಮಾಡಿಸಿ: 'ನಾನು ಭಾರತೀಯ, ನಮ್ಮ ಹೈಕಮಿಷನ್‌ಗೆ ತಿಳಿಸಿ.' ಅದನ್ನು ಕೇಳುವ ಮೊದಲು ಅರ್ಥವಾಗದ ಭಾಷೆಯ ಯಾವ ಕಾಗದಕ್ಕೂ ಸಹಿ ಹಾಕಬಾರದು. ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ ಈ ಹಕ್ಕು ಸಿಗುವುದಿಲ್ಲ. ತಾಂಜಾನಿಯಾ ಅವನನ್ನು ತನ್ನ ಪ್ರಜೆ ಎಂದೇ ನೋಡುತ್ತದೆ.

ದಾರ್ ಎಸ್ ಸಲಾಮ್‌ನಲ್ಲಿ ನಮ್ಮ ಹೈಕಮಿಷನ್ (ರಾಯಭಾರ ಕಚೇರಿ) ಇದೆ, ಜಂಜಿಬಾರ್‌ನಲ್ಲಿ ಕಾನ್ಸುಲೇಟ್ ಇದೆ. ಅಲ್ಲಿ ಹೆಸರು ನೋಂದಾಯಿಸಿಲ್ಲದಿದ್ದರೆ ಈಗಲೇ ಮಾಡಿಸಿ. ಫೋನ್ ಹತ್ತದೇ ಹೋದರೆ ಕಲಬುರಗಿಯಿಂದಲೇ ವಿದೇಶಾಂಗ ಇಲಾಖೆಯ 'ಮದದ್' ಪೋರ್ಟಲ್‌ನಲ್ಲಿ ನೀವು ದೂರು ಹಾಕಬಹುದು. ಅದಕ್ಕೆ ಒಂದು ಸಂಖ್ಯೆ ಸಿಗುತ್ತದೆ, ಆ ಸಂಖ್ಯೆ ಹಿಡಿದು ಮತ್ತೆ ಮತ್ತೆ ಕೇಳಿ. ನಿಮ್ಮ ಸಂಸದರ ಕಚೇರಿಗೂ ಅದನ್ನೇ ಕೊಡಿ. ಗಲಾಟೆಯ ದಿನಗಳಲ್ಲಿ ಅವನು ವಿಡಿಯೊ ತೆಗೆಯುವುದು, ವಾಟ್ಸ್‌ಆ್ಯಪ್‌ನಲ್ಲಿ ಹಂಚುವುದು ಬೇಡವೇ ಬೇಡ. ನವೆಂಬರ್ 3ಕ್ಕೆ ಇಂಟರ್‌ನೆಟ್ ವಾಪಸ್ ಬಂದ ಕೂಡಲೇ ಜನರ ಫೋನಿಗೆ, ಗಲಭೆಯ ಚಿತ್ರ ಹಂಚಿದರೆ ಕೇಸು ಹಾಕುತ್ತೇವೆ ಎಂಬ ಎಚ್ಚರಿಕೆಯ ಸಂದೇಶಗಳು ಬಂದಿದ್ದವು. ನೀವೂ ಇಲ್ಲಿಂದ 'ಅಲ್ಲಿ ಏನಾಗಿದೆ, ಫೋಟೊ ಕಳಿಸು' ಎಂದು ಕೇಳಬೇಡಿ.

ಪಾಸ್‌ಪೋರ್ಟ್‌ನ ಮೊದಲ ಮತ್ತು ಕೊನೆಯ ಪುಟ, ಅಲ್ಲಿನ ಕೆಲಸದ ಪರವಾನಗಿ, ಕಂಪನಿ ಮಾಲೀಕರ ನಂಬರ್, ಅವನ ಮನೆಯ ವಿಳಾಸ ಇಷ್ಟನ್ನು ಇವತ್ತೇ ತರಿಸಿಕೊಂಡು ಒಂದು ಪ್ರತಿ ನಿಮ್ಮ ತಂಗಿಯ ಮನೆಯಲ್ಲೂ ಇಡಿ.